ನೀರು ಕುಡಿದ ಕಾರು

ಸರ್ಜಾಪುರ ದಾಟಿ ಒಳಗೆ ಹೋದರೆ ಸಿಗುವ ನಮ್ಮ ಮನೆಯ ಅಂಗಳಕ್ಕೆ ಆ ಕಾರು ಬಂದಾಗಲೇ ಅದು ಹಳೆಯದಾಗಿತ್ತು. ವೈಟ್‌ಫೀಲ್ಡ್ ಕಡೆಯ ಒಬ್ಬ ಸೆಕೆಂಡ್ ಹ್ಯಾಂಡ್ ಡೀಲರ್ ಹತ್ತಿರ ನನ್ನ ಗಂಡ ಅದನ್ನು ಕೊಂಡಿದ್ದರು. ಹೊಸ ಸಣ್ಣ ಕಾರಿನ ಬೆಲೆಗೆ ಇಷ್ಟು ದೊಡ್ಡ ವಿದೇಶಿ ಕಾರು ಸಿಕ್ಕಿತೆಂದು ಊರೆಲ್ಲ ಹೇಳಿಕೊಂಡು ಬಂದರು. ಕಪ್ಪು ಬಣ್ಣ, ಚರ್ಮದ ಸೀಟು, ಮೇಲೆ ಆಕಾಶ ಕಾಣುವಂಥ ಗಾಜಿನ ಕಿಂಡಿ. ಕೀ ಮಾತ್ರ ಒಂದೇ ಕೊಟ್ಟಿದ್ದರು. ಇನ್ನೊಂದು ಮಾಡಿಸಲು ವಿಚಾರಿಸಿದರೆ ಆ ಬೆಲೆಗೆ ಒಂದು ಹಳೇ ಸ್ಕೂಟರೇ ಬರುತ್ತಿತ್ತು. ಆಮೇಲೆ ನೋಡೋಣ ಎಂದು ಸುಮ್ಮನಾದರು.

ಆ ಕಾರನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವರು ನನ್ನ ಅತ್ತೆ. ಮನೆಯ ಹಿಂದೆ ನಮ್ಮ ರಾಗಿ ಹೊಲವಿದ್ದ ಕಡೆ ಈಗ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಬೆಳಗಾದರೆ ಬಂಡೆ ಕೊರೆಯುವ ಮಿಷಿನ್ ಶುರುವಾಗುತ್ತಿತ್ತು. ಪಾತ್ರೆಗಳು ಗೂಡಿನಲ್ಲೇ ನಡುಗುತ್ತಿದ್ದವು. ಅತ್ತೆ ಎಲೆಅಡಿಕೆ ಚೀಲ ಹಿಡಿದು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗೆ ಒಂದಿಷ್ಟೂ ಸದ್ದಿಲ್ಲ. ಗಾಜೇ ಎರಡು ಪದರದ್ದು, ಹೊರಗಿನ ಗಲಾಟೆ ಒಳಗೆ ಬಾರದಂತೆ ಮಾಡಿದ್ದು. "ಇದ್ರೊಳಗೆ ಕುಂತ್ರೆ ಕಿವಿಗೆ ತಣ್ಣಗಿರ್ತೈತೆ ಕಣಮ್ಮ," ಎನ್ನುತ್ತಿದ್ದರು. ಹೊಂಗೆ ಮರದ ನೆರಳಿತ್ತು. ಅಲ್ಲೇ ಒಂದು ನಿದ್ದೆ ತೆಗೆದು ಎದ್ದು ಬರುತ್ತಿದ್ದರು. ಅವರಿಗೆಂದೇ ನನ್ನ ಗಂಡ ಹಗಲು ಹೊತ್ತು ಕಾರಿಗೆ ಲಾಕ್ ಹಾಕುತ್ತಿರಲಿಲ್ಲ.

ಮಳೆಗಾಲದಲ್ಲಿ ಮೊದಲು ವಾಸನೆ ಬಂತು. ಒದ್ದೆ ಗೋಣಿಚೀಲದ ವಾಸನೆ. ಕಾಲಡಿಯ ಮ್ಯಾಟ್ ಎತ್ತಿ ಒತ್ತಿದರೆ ಬೆರಳ ಸಂದಿಯಲ್ಲಿ ನೀರು ಬರುತ್ತಿತ್ತು. ಹೊಂಗೆ ಎಲೆ, ಹೂವು ಮೇಲಿನ ಕಿಂಡಿಯ ಅಂಚಿನಲ್ಲಿ ಕೊಳೆತು, ನೀರು ಹರಿದುಹೋಗುವ ಪೈಪು ಕಟ್ಟಿಕೊಂಡು, ಮಳೆ ನೀರೆಲ್ಲ ಒಳಗೇ ಇಳಿದಿತ್ತು. ಟೇಬಲ್ ಫ್ಯಾನ್ ಇಟ್ಟು ಒಣಗಿಸಿದೆವು. ವಾಸನೆ ಹೋಯಿತು. ಆದರೆ ಅಲ್ಲಿಂದಾಚೆಗೆ ಆ ಕಾರು ಮೊದಲಿನ ಹಾಗಿರಲಿಲ್ಲ. ಯಾರೂ ಮುಟ್ಟದೆ ಗಾಜು ಇಳಿಯುತ್ತಿತ್ತು. ನಿಂತಲ್ಲೇ ಹಾರ್ನ್ ಹೊಡೆದುಕೊಳ್ಳುತ್ತಿತ್ತು. ಒಮ್ಮೆ ನಾನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಾಗ ನಾಲ್ಕೂ ಬಾಗಿಲಿನಿಂದ ಟಕ್ ಎಂದು ಒಟ್ಟಿಗೆ ಸದ್ದು ಬಂತು. ಹೋಗಿ ಎಳೆದು ನೋಡಿದರೆ ಲಾಕ್ ಆಗಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್ ಎಂದು ತಾನೇ ಬಿಚ್ಚಿಕೊಂಡಿತು. ಗಂಡನಿಗೆ ಹೇಳಿದರೆ ಬ್ಯಾಟರಿ ವೀಕಾಗಿರಬೇಕು ಎಂದರು. ಹೊಸ ಬ್ಯಾಟರಿ ಹಾಕಿಸಿದರು. ಸದ್ದು ನಿಲ್ಲಲಿಲ್ಲ.

ಕಂಪನಿ ಶೋರೂಮಿನಲ್ಲಿ ತೋರಿಸಿದಾಗ ಸೀಟಿನ ಕೆಳಗಿನ ಡಬ್ಬಿ ಹೋಗಿದೆ, ಹೊರದೇಶದಿಂದ ತರಿಸಬೇಕು, ವೈರಿಂಗ್ ಪೂರ್ತಿ ಬದಲಿಸಬೇಕು ಎಂದರು. ಜೊತೆಗೆ ಎಂಜಿನ್ ಆಯಿಲ್ ಸೋರುತ್ತಿದೆ, ಸಸ್ಪೆನ್ಷನ್ ಕೂತಿದೆ ಎಂದೂ ಸೇರಿಸಿದರು. ಎಲ್ಲ ಸೇರಿದರೆ ನಮ್ಮ ಬಾಡಿಗೆ ರೂಮುಗಳಿಂದ ವರ್ಷಕ್ಕೆ ಬರುವಷ್ಟು. ನನ್ನ ಗಂಡ ಪೀಣ್ಯದ ಹತ್ತಿರ ರಾಜಗೋಪಾಲನಗರದಲ್ಲಿ ಯಾರೋ ಹೇಳಿದ ಎಲೆಕ್ಟ್ರಿಷಿಯನ್ ಹತ್ತಿರ ಕಾರು ಒಯ್ದರು. ನಾನೂ ಜೊತೆಗಿದ್ದೆ. ಆತ ಸೀಟು ಬಿಚ್ಚಿ ಡಬ್ಬಿ ತೆರೆದಾಗ ಒಳಗೆಲ್ಲ ಹಸಿರು ಕಿಲುಬು ಹಿಡಿದಿತ್ತು.

"ನೀರು ಕುಡಿದ್ಬಿಟ್ಟೈತೆ ಸಾರ್ ಇದು," ಎಂದ. "ಬಾಗ್ಲು, ಗಾಜು, ಲಾಕು ಎಲ್ಲಾ ನೋಡ್ಕೊಳ್ಳೋದು ಇದೇನೆ. ಕ್ಲೀನ್ ಮಾಡ್ಕೊಡ್ತೀನಿ. ಆದ್ರೂ ಯಾವಾಗ ಏನ್ ಮಾಡುತ್ತೋ ಹೇಳಕ್ಕಾಗಲ್ಲ."

ಚಳಿಗಾಲವಿಡೀ ಕಾರು ಸುಮ್ಮನಿತ್ತು. ರಿಪೇರಿಯಾಯಿತು ಎಂದೇ ನನ್ನ ಗಂಡ ನಂಬಿದರು. ನನಗೆ ಮಾತ್ರ ಆ ಹಸಿರು ಕಿಲುಬು ಕಣ್ಣ ಮುಂದಿನಿಂದ ಹೋಗಲಿಲ್ಲ. ಅತ್ತೆಗೆ ಅದರಲ್ಲಿ ಕೂರಬೇಡಿ ಎಂದೆ. ಕಾರೇನು ಹುಲಿಯಾ, ತಿಂದುಬಿಡೋಕೆ ಎಂದು ನಕ್ಕರು.

ಶಿವರಾತ್ರಿ ಕಳೆದು ಬಿಸಿಲೇರಿತ್ತು. ಹೊಂಗೆ ಮರ ಎಲೆ ಉದುರಿಸಿ ಬೋಳಾಗಿ ನಿಂತಿತ್ತು. ಆ ದಿನ ಗಂಡ ಬೈಕಿನಲ್ಲಿ ಬೆಳ್ಳಂದೂರಿಗೆ ಹೋಗಿದ್ದರು, ಕಾರಿನ ಕೀ ಜೇಬಿನಲ್ಲೇ ಇತ್ತು. ನಾನು ಒಳಗೆ ಮಿಷಿನ್ ಮುಂದೆ ಕೂತು ಯಾರದೋ ಮದುವೆಯ ಬ್ಲೌಸುಗಳನ್ನು ಹೊಲಿಯುತ್ತಿದ್ದೆ. ಮಧ್ಯೆ ಒಮ್ಮೆ ಎದ್ದು ಅಂಗಳದ ನಲ್ಲಿಯಲ್ಲಿ ಬಿಂದಿಗೆ ತುಂಬಿಕೊಂಡು ಬಂದೆ. ಹಿಂದೆ ಬಂಡೆ ಕೊರೆಯುತ್ತಲೇ ಇದ್ದರು. ಅತ್ತೆ ಪಕ್ಕದ ಮನೆಗೆ ಹೋಗಿರಬೇಕು ಅಂದುಕೊಂಡಿದ್ದೆ.

ನಮ್ಮ ಬಾಡಿಗೆ ರೂಮಿನಲ್ಲಿ ರಾಯಚೂರು ಕಡೆಯ ಒಬ್ಬ ಹೆಂಗಸಿದ್ದಳು. ಗಾರೆ ಕೆಲಸಕ್ಕೆ ಹೋಗುವವಳು, ಅವತ್ತು ರಜೆಯಲ್ಲಿದ್ದಳು. ಅವಳು ಬಾಗಿಲಿಗೆ ಬಂದು ಮೆಲ್ಲಗೆ, "ಅಕ್ಕಾರ, ಅವ್ವಾರು ಗಾಡ್ಯಾಗ ಕುಂತಾರ. ಕರದ್ರೂ ಏಳವಲ್ರು," ಎಂದಳು.

ನಾನು ಓಡಿದೆ. ಅತ್ತೆ ಹಿಂದಿನ ಸೀಟಿನಲ್ಲಿ ಗಾಜಿಗೆ ತಲೆ ಆನಿಸಿ ಕೂತಿದ್ದರು. ಬಾಯಿ ತೆರೆದಿತ್ತು, ಸೆರಗು ಜಾರಿತ್ತು. ಗಾಜಿನ ಮೇಲೆ ಅಂಗೈಯ ಎಲೆಅಡಿಕೆ ಕೆಂಪು ಬಳಿದುಕೊಂಡಿತ್ತು. ನಾಲ್ಕೂ ಬಾಗಿಲು ಎಳೆದೆ. ಯಾವುದೂ ಬರಲಿಲ್ಲ. ಗಂಡನಿಗೆ ಫೋನ್ ಮಾಡಿದರೆ ರಿಂಗಾಗುತ್ತಲೇ ಇತ್ತು. ಚಪ್ಪಡಿ ಚೂರೊಂದನ್ನು ಎತ್ತಿ ಮುಂದಿನ ಬಾಗಿಲ ಗಾಜಿಗೆ ಹೊಡೆದೆ. ಅದು ಒಡೆಯಲಿಲ್ಲ. ಜೇಡರ ಬಲೆಯ ಹಾಗೆ ಬೆಳ್ಳಗಾಗಿ ಅಲ್ಲೇ ನಿಂತಿತು. ಮತ್ತೆ ಹೊಡೆದೆ, ಮತ್ತೆ. ಈ ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಕಲ್ಲಿಗೆ ಉದುರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ. ನನ್ನ ಕೈಯಿಂದ ರಕ್ತ ಸುರಿಯುತ್ತಿತ್ತು, ಆ ಗಾಜಿನಾಚೆ ಏನೂ ಕಾಣದಂತಾಗಿತ್ತು.

ಆ ಹೆಂಗಸು ತನ್ನ ರೂಮಿನಿಂದ ಸುತ್ತಿಗೆ, ಹಾರೆ ತಂದಳು. ನನ್ನನ್ನು ಪಕ್ಕಕ್ಕೆ ಸರಿಸಿ ಗಾಜಿನ ಅಂಚಿಗೇ ಹೊಡೆಯುತ್ತ ಹೋದಳು. ಒಂದು ಮೂಲೆ ಬಿಟ್ಟಿತು. ಅಲ್ಲಿ ಹಾರೆ ತೂರಿಸಿ ಇಬ್ಬರೂ ಮೀಟಿದಾಗ ಗಾಜು ಒದ್ದೆ ರಟ್ಟಿನ ಹಾಗೆ ಮಡಚಿಕೊಂಡಿತು. ಒಳಗಿಂದ ಒಲೆಯ ಬಾಯಿ ತೆಗೆದಂಥ ಝಳ ಬಂತು. ಅವಳು ಆ ಕಿಂಡಿಯಲ್ಲೇ ನುಗ್ಗಿ, ಅತ್ತೆಯನ್ನು ತಬ್ಬಿ ಮುಂದಿನ ಸೀಟಿಗೆ ಎಳೆದು ನನ್ನ ಕೈಗೆ ದಾಟಿಸಿದಳು. ಮೈ ಸುಡುತ್ತಿತ್ತು, ಬೆವರೇ ಇರಲಿಲ್ಲ. ಉಸಿರಿತ್ತು.

ಆಸ್ಪತ್ರೆಯಲ್ಲಿ ಕೆಲವು ದಿನ ಅವರು ಯಾರನ್ನೂ ಗುರುತಿಸಲಿಲ್ಲ. ಆಮೇಲೆ ನಿಧಾನವಾಗಿ ಸರಿಹೋದರು. ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ, ನಾನು ಗಂಜಿ ಕುಡಿಸುತ್ತಿದ್ದಾಗ ತಾವಾಗಿ ಹೇಳಿದರು. ಟಕ್ ಎಂದ ಮೇಲೆ ಒಳಗಿನ ಹಿಡಿ ಎಳೆದರೂ ಬಾಗಿಲು ಬರಲಿಲ್ಲವಂತೆ. ಗಾಜಿನ ಗುಂಡಿ ಒತ್ತಿದರೂ ಇಳಿಯಲಿಲ್ಲವಂತೆ. ಹಾರ್ನ್ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ.

"ನೀನು ನೀರಿಗೆ ಬಂದೆಯಲ್ಲ, ಆಗ ನಾನು ಗಾಜು ಬಡಿದೆ," ಎಂದರು. "ಇಷ್ಟ್ ಹತ್ರ ಇದ್ದೆ ನೀನು. ತಿರುಗ್ಲೇ ಇಲ್ಲ."

ಅವರ ದನಿಯಲ್ಲಿ ದೂರಿರಲಿಲ್ಲ. ನಾನು ಚಮಚ ಕೆಳಗಿಟ್ಟು ಬಹಳ ಹೊತ್ತು ಅವರ ಕಾಲು ಹಿಡಿದು ಕೂತಿದ್ದೆ.

ನನ್ನ ಗಂಡ ಆ ಕಾರಿನ ಹತ್ತಿರವೂ ಹೋಗದಾದರು. ಕೊನೆಗೆ ಅದೇ ಡೀಲರನ್ನು ಕರೆಸಿ, ನಡೆದದ್ದನ್ನೆಲ್ಲ ಹೇಳಿ, ಬಿಚ್ಚಿ ಬಿಡಿಭಾಗ ಮಾರಿಕೊಳ್ಳಲಿ ಎಂದು ಗುಜರಿ ಬೆಲೆಗೆ ಕೊಟ್ಟರು. ಆತ ತಲೆಯಾಡಿಸಿ ಲಾರಿಗೆ ಹತ್ತಿಸಿಕೊಂಡು ಹೋದ. ಯುಗಾದಿ ಕಳೆದ ಮೇಲೆ ಒಂದು ಸಂಜೆ ನನ್ನ ಗಂಡ ಮೊಬೈಲ್ ಹಿಡಿದು ಬಿಳಿಚಿಕೊಂಡು ಬಂದರು. ಮಾರಾಟದ ಜಾಹೀರಾತಿನಲ್ಲಿ ನಮ್ಮ ಕಾರು. ಹೊಸ ಗಾಜು, ಮಿರಮಿರ ಪಾಲಿಶ್, ಒಂದೂ ರಿಪೇರಿಯಿಲ್ಲ ಎಂಬ ಬರಹ. ಮರುದಿನವೇ ಡೀಲರ್ ಹತ್ತಿರ ಹೋದರು. ಕಾರು ಆಗಲೇ ಮಾರಿಹೋಗಿತ್ತು. ಯಾರಿಗೆಂದು ಕೇಳಿದರೆ, ಹೊರಗಿನೂರಿನ ಒಳ್ಳೇ ಫ್ಯಾಮಿಲಿ, ನೀವು ಟೆನ್ಷನ್ ತಗೋಬೇಡಿ ಎಂದನಂತೆ. ನಂಬರ್ ಕೊಡಲಿಲ್ಲ. ಪೊಲೀಸ್ ಸ್ಟೇಷನ್‌ಗೂ ಹೋದರು. ಕಾರು ನಿಮ್ಮದಲ್ಲವಲ್ಲ ಈಗ ಎಂದು ಕಳಿಸಿದರು.

ಅತ್ತೆಗೆ ಹೇಳುವುದು ಬೇಡವೆಂದಿದ್ದೆವು. ಆದರೆ ನಾವು ಅಡುಗೆಮನೆಯಲ್ಲಿ ಮಾತಾಡಿಕೊಂಡದ್ದು ಅವರಿಗೆ ಕೇಳಿಸಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತು ಒಂದೇ ಮಾತು ಕೇಳಿದರು.

"ಅವ್ರ ಮನೇಲಿ ಚಿಕ್ಕ ಮಕ್ಳವ್ರೇನಪ್ಪ?"

ನನ್ನ ಗಂಡ ಗೊತ್ತಿಲ್ಲ ಎಂದರು.