ಮಲ್ಲಶೆಟ್ಟರು ಅರ ಹಿಡಿದ ದಿನ

ಅದು ೧೯೪೦ರ ದಶಕದ ಆರಂಭ. ಹೈದರಾಬಾದಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ವರ್ಕ್‌ಶಾಪ್ ಕಲಿಸುತ್ತಿದ್ದೆ. ನಮ್ಮ ಹುಮನಾಬಾದ್, ಕಲ್ಯಾಣದ ಕಡೆಯ ಹುಡುಗರು ಪ್ರತಿವರ್ಷ ಓದನ್ನು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ಇವರಿಗೆ ಗಣಿತ ತಲೆಗೆ ಹತ್ತುವುದಿಲ್ಲ ಎಂದು ಪ್ರಿನ್ಸಿಪಾಲರು ಕೈತೊಳೆದುಕೊಳ್ಳುತ್ತಿದ್ದರು. ಆದರೆ ಮಂಠಾಳದ ಶರಣಪ್ಪನೂ ಬಿಟ್ಟುಹೋದಾಗ ನನಗೆ ತಡೆಯಲಾಗಲಿಲ್ಲ. ಗಣಿತದಲ್ಲಿ ಅವನೇ ತರಗತಿಗೆ ಮೊದಲಿಗ!

ರಜೆಗೆ ನನ್ನೂರು ಹುಮನಾಬಾದಿಗೆ ಬಂದವನೇ ಮಂಠಾಳಕ್ಕೆ ಹೋದೆ. ಅವನ ತಂದೆ ಗುರಪ್ಪ ಮಗನ ಜಡ್ಡುಗಟ್ಟಿದ ಅಂಗೈಗಳನ್ನು ನನ್ನ ಮುಂದೆ ಹಿಡಿದರು.

"ಸಾಹೇಬ ಆಗ್ತಾನಂತ ಕಳ್ಸಿದ್ವಿರಿ. ನೀವು ಕಬ್ಬಿಣ ತಿಕ್ಕಾಕ ಹಚ್ಚೀರಿ. ಹೆಣ್ಣು ಕೊಡಾಕ ಒಪ್ಪಿದ್ದ ಬೀಗರು ಲಗ್ನಾನ ಬ್ಯಾಡ ಅನ್ನಾಕತ್ತಾರ. ಇನ್ನ ಕಳ್ಸಂಗಿಲ್ರಿ."

"ನನಗ ಓದಬೇಕಂತ ಭಾಳ ಅದ ರೀ," ಎಂದ ಶರಣಪ್ಪ.

ನಮ್ಮಲ್ಲಿ ಪ್ರತಿ ವಿದ್ಯಾರ್ಥಿಯೂ ಕಬ್ಬಿಣದ ತುಂಡನ್ನು ವೈಸ್ ಎಂಬ ಹಿಡಿಕೆಯಲ್ಲಿ ಬಿಗಿದು, ಅರದಿಂದ ಉಜ್ಜಿ ಸಮತಟ್ಟು ಮಾಡಲೇಬೇಕಿತ್ತು. ಕೆಲಸ ಮಾಡಿಸುವವನಿಗೆ ಆ ಕೆಲಸ ಕೈಯಾರೆ ಗೊತ್ತಿರಬೇಕು ಎಂಬುದನ್ನು ಯಾರ ಮನೆಗೂ ನಾವು ಹೇಳಿರಲಿಲ್ಲ. ನೆಟ್ಟಗೆ ಬೀಗರ ಅಂಗಡಿಗೇ ಹೋದೆ. ಹುಮನಾಬಾದಿನ ಧಾನ್ಯದ ವ್ಯಾಪಾರಿ ಮಲ್ಲಶೆಟ್ಟರು ಗಾದಿಯಿಂದ ಏಳಲಿಲ್ಲ.

"ಕುರ್ಚಿ ಮ್ಯಾಲ ಕುಂತು ಹುಕುಂ ಮಾಡೋ ಅಳಿಯ ಬೇಕ್ರಿ ನಮಗ. ಕಬ್ಬಿಣ ತಿಕ್ಕೂದು ಯಾರ್ ಬೇಕಾದ್ರೂ ಮಾಡ್ತಾರ."

ನನಗೆ ಪಿತ್ತ ನೆತ್ತಿಗೇರಿತು. "ಹಂಗಾದ್ರ ನೀವ ಮಾಡಿ ತೋರಸ್ರಿ! ಆಮ್ಯಾಲ ಸಂಬಂಧ ಬ್ಯಾಡ ಅನ್ರಿ!"

ಶೆಟ್ಟರಿಗೂ ಹಟ ಕಮ್ಮಿ ಇರಲಿಲ್ಲ. ಎಣ್ಣೆ ಗಿರಣಿಯಿಂದ ವೈಸ್ ಬೇಡಿ ತಂದು ನನ್ನ ಮನೆಯ ಪಡಸಾಲೆಯಲ್ಲಿ ಕೂರಿಸಿದೆ. ಮಂಠಾಳದಿಂದ ತಂದೆ ಮಗ ಬಂದರು. ಓಣಿಗೆ ಓಣಿಯೇ ಬಾಗಿಲಿಗೆ ಬಂದು ನಿಂತಿತು. ಶೆಟ್ಟರು ಅರ ಹಿಡಿದು ಗಸಗಸ ಉಜ್ಜಿದರು. ಸಮತಟ್ಟಾಗಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿದರೆ ಅದರಡಿ ಬೆಳಕು ಕಾಣುತ್ತಿತ್ತು. ಅಂಚು ಸವೆದಿತ್ತು, ನಡು ಹಾಗೇ ಉಬ್ಬಿತ್ತು. ರುಮಾಲು ತೆಗೆದಿಟ್ಟರು, ಮತ್ತೆ ಉಜ್ಜಿದರು. ಕೋಟೂ ಹೋಯಿತು. ಊಟಕ್ಕೆ ಕರೆದರೆ, "ಬಿಡ್ರೀ, ಇದ್ರ ಸೊಕ್ಕು ಮುರೀತೀನಿ," ಎಂದು ಮಗುವಿನಂತೆ ಹಟ ಹಿಡಿದರು. ನಮಗೆಲ್ಲ ನಗು ತಡೆಯದು!

ಕೊನೆಗೆ ಬೊಬ್ಬೆ ಎದ್ದ ತಮ್ಮ ಅಂಗೈಯನ್ನೊಮ್ಮೆ ನೋಡಿಕೊಂಡರು. ಗೋಡೆಗೆ ಆತು ನಿಂತಿದ್ದ ಶರಣಪ್ಪನತ್ತ ತಿರುಗಿದರು.

"ಅಳಿಯಾ, ಹ್ಯಾಂಗ ಹಿಡೀಬೇಕು ತೋರ್ಸು ಬಾ."

ಗುರಪ್ಪ ಕಣ್ಣೊರೆಸಿಕೊಂಡರು. ನಾನು ಕುಣಿಯುವುದೊಂದು ಬಾಕಿ!

ಶರಣಪ್ಪ ಕಾಲೇಜಿಗೆ ಮರಳಿ ಬಂದ, ಓದು ಮುಗಿಸಿದ. ಪ್ರಿನ್ಸಿಪಾಲರ ಬೆನ್ನುಬಿದ್ದು, ವರ್ಷಕ್ಕೊಂದು ದಿನ ಹುಡುಗರ ಮನೆಯವರಿಗೆಲ್ಲ ವರ್ಕ್‌ಶಾಪಿನ ಬಾಗಿಲು ತೆರೆಸಿದೆ. ನಡುವೆ ಬಿಟ್ಟುಹೋಗುವವರು ಕಡಿಮೆಯಾದರು. ಹುಡುಗನನ್ನು ಉಳಿಸಿಕೊಳ್ಳಬೇಕಾದರೆ ಅವನ ಮನೆಗೂ ನಮ್ಮ ವಿದ್ಯೆ ಅರ್ಥವಾಗಬೇಕು ಎಂಬುದನ್ನು ನನಗೆ ಕಲಿಸಿದ್ದು ಆ ಪಡಸಾಲೆ.

ಸೊಟ್ಟಗಾದ ಆ ಕಬ್ಬಿಣದ ತುಂಡು ಶೆಟ್ಟರ ಗಾದಿಯ ಪಕ್ಕದಲ್ಲೇ ಇರುತ್ತಿತ್ತು. ಜೋಳ ಕೊಳ್ಳಲು ಬಂದವರಿಗೆಲ್ಲ ಅದನ್ನು ತೋರಿಸಿ ಹೇಳುವರು: "ನನ್ನಿಂದ ಆಗಲಿಲ್ರೀ. ನಮ್ಮ ಅಳಿಯ ಮಾಡ್ತಾನ."