ಕಾಫಿ ಕೇಳುವ ಫೈಲು

ಎಂಬತ್ತರ ದಶಕದ ಕೊನೆಯ ಮಾತು. ಸಾಗರದ ನಮ್ಮ ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಕನ್ನಡದ ಲಗ್ನಪತ್ರಿಕೆ ಅಚ್ಚಾಗುವಂಥ ಪ್ರೋಗ್ರಾಂ ಬರೆದು, ಅಣ್ಣ ಹೊಸನಗರ, ತೀರ್ಥಹಳ್ಳಿಯ ಪ್ರೆಸ್ಸುಗಳಿಗೆ ಫ್ಲಾಪಿಯಲ್ಲಿ ಕೊಟ್ಟಿದ್ದ. ತೀರ್ಥಹಳ್ಳಿಯ ಕಂಪ್ಯೂಟರ್ ಬೇರೆ ಜಾತಿಯದು. ಅದಕ್ಕೆ ಪ್ರೋಗ್ರಾಮೂ ಬೇರೆ. ಎರಡು ಪ್ರೋಗ್ರಾಂ, ಅಕ್ಷರಗಳ ಫೈಲುಗಳು, ಪ್ರೆಸ್ಸಿನವರ ಕೆಲಸ, ಎಲ್ಲ ಫ್ಲಾಪಿಯಲ್ಲಿ ಒಂದೇ ರಾಶಿ.

ಹೊಸನಗರದ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಕಂಪೋಸಿಟರ್ ಹಿರಿಯರು. ಒಂದು ಕೆಲಸ ಅಚ್ಚಾದ ಕೂಡಲೇ ಸೀಸದ ಅಚ್ಚುಮೊಳೆಗಳನ್ನು ಬಿಚ್ಚಿ ಖಾನೆಗಳಿಗೆ ಹಾಕಿ, ಹಲಗೆ ಖಾಲಿ ಮಾಡುವುದು ಅವರ ಜೀವಮಾನದ ಅಭ್ಯಾಸ. ಫ್ಲಾಪಿಯನ್ನೂ ಹಾಗೆಯೇ ಖಾಲಿ ಮಾಡುತ್ತಿದ್ದರು. ಅಕ್ಷರಗಳೂ ಅಳಿಸಿಹೋಗಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಫ್ಲಾಪಿ ವಾಪಸ್ ಬರುತ್ತಿತ್ತು.

"ಮತ್ತೆ ಗುಡಿಸಿ ಕಳ್ಸಿದ್ರು ನೋಡು," ಎಂದು ಅಣ್ಣ ನಗುತ್ತಿದ್ದ.

"ಖಾನೆ ಥರ ಬೇರೆ ಬೇರೆ ಡೈರೆಕ್ಟರಿ ಮಾಡಿಡಬಾರ್ದಾ ಅಣ್ಣಾ?"

"ಮಳೆ ಬಿಡ್ಲಿ, ಮಾಡ್ತೀನಿ ಮಾರಾಯ್ತಿ."

ಮಳೆ ಬಿಡುವಾಗ ಅಣ್ಣ ಇರಲಿಲ್ಲ. ಜ್ವರವೆಂದು ಮಲಗಿದವನು ಏಳಲೇ ಇಲ್ಲ.

ಹೊಸನಗರದಿಂದ ಮತ್ತೊಂದು ಖಾಲಿ ಫ್ಲಾಪಿ ಬಂತು. ಅವನ ಪಕ್ಕ ಕುಳಿತು ನೋಡಿ ಕಲಿತಿದ್ದಷ್ಟರಲ್ಲೇ ನಾನು ಶುರು ಮಾಡಿದೆ. ಎರಡು ಪ್ರೋಗ್ರಾಮಿಗೂ ಒಂದೊಂದು ಡೈರೆಕ್ಟರಿ, ಎರಡಕ್ಕೂ ಸೇರಿ ಅಕ್ಷರಗಳದ್ದೊಂದು, ಅಳಿಸಿದರೂ ಅಡ್ಡಿಯಿಲ್ಲದ ಹಾಗೆ ಪ್ರೆಸ್ಸಿನ ಕೆಲಸಕ್ಕೊಂದು. ಕೊನೆಗೆ ಒಂದು ಫೈಲು ಉಳಿಯಿತು. ಅಕ್ಷರಗಳನ್ನು ಪರೀಕ್ಷಿಸಲು ಅವನು ಬರೆದ ಒಂದೇ ಸಾಲು: "ತಂಗೀ, ಇನ್ನೊಂದ್ ಲೋಟ ಕಾಫಿ ಸಿಗ್ತದಾ?"

ಹೊರಗಿನವರಿಗೆ ಇದು ಯಾಕೆ ಬೇಕು ಎಂದು ನನಗನಿಸಿತು. ನನ್ನ ಫ್ಲಾಪಿಯಲ್ಲಿ ಅದನ್ನು ಇಟ್ಟುಕೊಂಡು, ಉಳಿದದ್ದನ್ನು ಎರಡು ಊರಿಗೂ ಕಳಿಸಿದೆ.

ವಾರದೊಳಗೆ ಆ ಕಂಪೋಸಿಟರ್ ತಾವೇ ಬಸ್ಸಿಳಿದು ಬಂದರು.

"ಅಕ್ಷರ ಎಲ್ಲ ಈಗ ಗಟ್ಟಿ ಕೂತಿದಾವಮ್ಮ. ಆದ್ರೆ ಆ ಕಾಫಿ ಎಲ್ಲಿ ಹೋಯ್ತು?"

"ಯಾವ ಕಾಫಿ?"

"ನಿಮ್ಮಣ್ಣಂದು! ಬೆಳಿಗ್ಗೆ ಪ್ರಿಂಟರ್ ಸರಿ ಇದ್ಯಾ ಅಂತ ಮೊದ್ಲು ಅದನ್ನೇ ಅಲ್ವಾ ನಾವು ಪ್ರಿಂಟ್ ಹೊಡೆಯೋದು. ತೀರ್ಥಹಳ್ಳಿಯೋರೂ ಕೇಳಿದ್ರು."

ನನಗೆ ಗೊತ್ತೇ ಇರಲಿಲ್ಲ. ಅವನು ಹೋದ ಮೇಲೂ ಎರಡು ಊರುಗಳಲ್ಲಿ ದಿನಾ ಬೆಳಿಗ್ಗೆ ಅವನು ನನ್ನನ್ನು ಕಾಫಿ ಕೇಳುತ್ತಿದ್ದ. ಅದನ್ನು ನಿಲ್ಲಿಸಿದವಳು ನಾನು.

ಅವರನ್ನು ಕೂರಿಸಿ, ಅವರು ತಂದಿದ್ದ ಫ್ಲಾಪಿಯಲ್ಲಿ ಆ ಫೈಲನ್ನು ಅಕ್ಷರಗಳ ಡೈರೆಕ್ಟರಿಗೆ ಹಾಕಿ ಕೊಟ್ಟೆ.

"ಇದನ್ನ ಮಾತ್ರ ಗುಡಿಸ್ಬೇಡಿ," ಎಂದೆ.

"ಇಲ್ಲಮ್ಮ," ಎಂದು ಅವರು ಫ್ಲಾಪಿಯನ್ನು ಅಂಗಿಯೊಳಗೆ ಇಟ್ಟುಕೊಂಡರು.