ಚಲುವಮ್ಮನ ತೋಳು, ಏಜೆನ್ಸಿಯ ತಕ್ಕಡಿ

ಬೆಳಗಿನ ಐದೂವರೆ. ಕೃಷ್ಣಮೂರ್ತಿಪುರಂ ಕಡೆಯ ಒಂದು ಖಾಸಗಿ ಆಸ್ಪತ್ರೆಯ ಎರಡನೇ ಮಹಡಿ. ಆಯಾ ಚಲುವಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಚದ ಪಕ್ಕ ಕಾಲಗಲಿಸಿ ನಿಲ್ಲುತ್ತಾರೆ. ಮಂಚದ ಮೇಲೆ ಸೊಂಟದ ಮೂಳೆ ಮುರಿದುಕೊಂಡ ಗುರುಸಿದ್ದಯ್ಯ ಮೇಷ್ಟ್ರು. ಅವರನ್ನು ಎತ್ತಿ ವೀಲ್‌ಚೇರಿಗೆ ಕೂರಿಸಬೇಕು.

"ಗೋಧಿ ಮೂಟೆ ಅಂದ್ಕೊಂಡ್ಯಾ? ನಿಧಾನ ಕಣಮ್ಮ" ಎಂದು ಮೇಷ್ಟ್ರು ಗೊಣಗುತ್ತಾರೆ.

"ಮೂಟೆಯಾಗಿದ್ರೆ ಬಾಯ್ ಮುಚ್ಕೊಂಡಿರ್ತಿತ್ತು ಮೇಷ್ಟ್ರೇ. ಕುತ್ತಿಗೆ ಬುಡಿ, ಭುಜ ಹಿಡ್ಕಳಿ."

ಮೇಷ್ಟ್ರು ನಗುವಷ್ಟರಲ್ಲಿ ಕುರ್ಚಿಯಲ್ಲಿರುತ್ತಾರೆ. ಇಂಥ ಹನ್ನೆರಡು ಮಂಚಗಳಿಗೆ ರಾತ್ರಿಯಿಂದ ಬೆಳಗಿನವರೆಗೆ ಚಲುವಮ್ಮನೇ ಕೈ. ಡಾಕ್ಟರ ಹೆಸರು ಬೋರ್ಡಿನಲ್ಲಿದೆ, ನರ್ಸಿನ ಹೆಸರು ಎದೆಯ ಮೇಲಿದೆ. ಹದಿನೈದು ವರ್ಷದಿಂದ ಜನರನ್ನು ಎತ್ತಿ ಇಳಿಸುತ್ತಿರುವ ಈಕೆಯನ್ನು ಕರೆಯುವುದು "ಏ ಆಯಾ" ಎಂದೇ.

ಇವತ್ತು ಕೆಳಗೆ, ವಾಚ್‌ಮನ್ ಕುರ್ಚಿಯ ಪಕ್ಕ, ತೂಕದ ಮೆಷಿನ್ ಇಟ್ಟಿದ್ದಾರೆ. ಆಯಾಗಳನ್ನು ಒದಗಿಸುವ ಏಜೆನ್ಸಿಯವರ ಹೊಸ ಶೋಕಿ ಇದು. ಆಷಾಢದ ಶುರುವಿನಲ್ಲಿ ಎಲ್ಲರನ್ನೂ ನಿಲ್ಲಿಸಿ ತೂಗಿದರು. ಅರವತ್ತೈದು ಕಿಲೋ ದಾಟಿದವರು ಗಣೇಶನ ಹಬ್ಬದೊಳಗೆ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಕೆಲಸವಿಲ್ಲ. ಆ ಗಡುವಿನ ಕೊನೆಯ ತೂಕ ಇವತ್ತು. ಇದಕ್ಕೆ ಫಿಟ್‌ನೆಸ್ ಅಂತ ಹೆಸರು ಬೇರೆ! ಯಾರೂ ಒಂದು ಬಕೆಟ್ ನೀರು ಎತ್ತಿಸಿ ನೋಡಲಿಲ್ಲ. ಬೆನ್ನು ನೋವಿದೆಯಾ ಎಂದು ಕೇಳಲಿಲ್ಲ. ಮುಳ್ಳು ಎಲ್ಲಿ ನಿಂತಿತು ಅಂತ ನೋಡಿದರು, ಮುಗಿಯಿತು.

"ಏಜೆನ್ಸಿ ಸೂಪ್ರವೈಜರ್ ಯೋಗೇಂದ್ರನ ಹೊಟ್ಟೆ ಅವ್ನಿಗಿಂತ ಮುಂಚೆ ಬಾಗ್ಲೊಳಗೆ ಬತ್ತದೆ. ಅದುನ್ನ ಯಾರು ತೂಗರು ಸಾ?" ಎಂದು ನನ್ನನ್ನೇ ಕೇಳುತ್ತಾರೆ ಚಲುವಮ್ಮ.

ಆಷಾಢದ ಆ ದಿನ ಚಲುವಮ್ಮನ ತೂಕ ಎಪ್ಪತ್ತೆರಡು. ಗಂಡ ತೀರಿಕೊಂಡಿದ್ದಾನೆ. ಮೇಟಗಳ್ಳಿಯ ಶೀಟು ಮನೆಯ ಬಾಡಿಗೆ, ಕಾಲೇಜಿನಲ್ಲಿರುವ ಮಗಳು ಧರಣಿಯ ಓದು, ಎರಡೂ ಈ ಕೆಲಸದ ಮೇಲೇ ನಿಂತಿವೆ. ಹೇಗಾದರೂ ಇಳಿಯಲೇಬೇಕು ಎಂದು ಊಟ ಬಿಟ್ಟರು. ಆದರೆ ಈ ವಯಸ್ಸಿನಲ್ಲಿ ಸಣ್ಣಗಾಗಲು ಉಪವಾಸ ಎಂದರೆ ಬೀದಿಯೆಲ್ಲ ನಗುತ್ತದೆ. ಅದಕ್ಕೇ ಚಾಮುಂಡಿ ಬೆಟ್ಟದ ಅಮ್ಮನವರಿಗೆ ಆಷಾಢ ಪೂರ್ತಿ ಒಪ್ಪೊತ್ತು ಹರಕೆ ಹೊತ್ತಿದ್ದೇನೆ ಎಂದು ಹೇಳಿಕೊಂಡರು.

"ಅಮ್ಮನೋರ ಎಸ್ರು ಎತ್ತುದ್ರೆ ಯಾರೂ ಉಣ್ಣು ಅನ್ನಲ್ಲ ಸಾ. ಮಗ್ಳು ಕೂಡ ಸುಮ್ನಾಗ್ಬುಟ್ಲು. ವಾರ್ಡಲ್ಲಿ ಎಲ್ರೂ ಕೈ ಮುಗ್ಯೋರು. ನಂಗೆ ಒಳಗೊಳಗೇ ಎದರಿಕೆ."

ಹಗಲಿಗೆ ಒಂದು ಮುದ್ದೆ, ರಾತ್ರಿಯೆಲ್ಲ ಬರೀ ಟೀ. ತೂಕ ಅರವತ್ತಾರಕ್ಕೆ ಬಂತು. ಯೋಗೇಂದ್ರ ಭೇಷ್ ಎಂದ. ಆಷಾಢ ಮುಗಿದು ಶ್ರಾವಣ ಬಂದರೂ ಚಲುವಮ್ಮ ಉಪವಾಸ ಬಿಡಲಿಲ್ಲ. ಒಂದು ಬೆಳಿಗ್ಗೆ ಮೇಷ್ಟ್ರನ್ನು ಎತ್ತಿದಾಗ ಅರ್ಧದಲ್ಲಿ ತೋಳು ನಡುಗಿ ಸೋತುಬಿಟ್ಟಿತು. ಆಗತಾನೇ ವಾರ್ಡಿಗೆ ಬಂದಿದ್ದ ಫಿಸಿಯೋಥೆರಪಿಯ ಹರ್ಷಿತಾ ಓಡಿ ಬಂದು ಹಿಡಿಯದಿದ್ದರೆ ಎಂಬತ್ತರ ಮುದುಕರು ನೆಲಕ್ಕೆ ಬೀಳುತ್ತಿದ್ದರು.

"ಆಷಾಢ ಮುಗೀತಲ್ಲ ಅಕ್ಕ, ಇದೆಂಥ ಹರಕೆ?" ಎಂದು ಹರ್ಷಿತಾ ಕೇಳಿದಾಗ ಚಲುವಮ್ಮ ಅತ್ತು ನಿಜ ಹೇಳಿದರು. ಹರ್ಷಿತಾ ಬೈಯಲಿಲ್ಲ. ಹೊಟ್ಟೆಗೆ ಹಾಕದೆ ಹೊರೆ ಎತ್ತಿದರೆ ಬೊಜ್ಜಿನ ಜೊತೆ ಮೈಯ ಖಂಡವೂ ಕರಗುತ್ತದೆ, ಮೊದಲು ತೋಳಿಗೆ ಕಸುವು ಬರಲಿ, ಬೊಜ್ಜು ಆಮೇಲೆ ನಿಧಾನಕ್ಕೆ ಇಳಿಸೋಣ ಎಂದರು. ಆದರೆ ಮೊದಮೊದಲು ತೂಕ ಸ್ವಲ್ಪ ಏರಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

ತೂಕ ಏರಿದರೆ ಕೆಲಸ ಹೋಗುತ್ತದೆ. ಇಳಿದರೆ ರೋಗಿ ಬೀಳುತ್ತಾನೆ. ಒಬ್ಬ ಬಡ ಹೆಂಗಸಿನ ಮುಂದೆ ಇಂಥ ಲೆಕ್ಕ ಇಟ್ಟವರಿಗೆ ನಾಚಿಕೆಯಾಗಬೇಕು. ಹರ್ಷಿತಾ ಯೋಗೇಂದ್ರನಿಗೂ ವಿವರಿಸಿ ಹೇಳಿದರು. "ಅದೆಲ್ಲ ನಮಗೆ ಗೊತ್ತಿಲ್ಲ ಮೇಡಂ, ಮುಳ್ಳು ಏನು ಹೇಳುತ್ತೋ ಅದೇ" ಎಂದನಂತೆ ಮಹಾನುಭಾವ. ಬಿದ್ದವರ ಮೂಳೆಗೆ ಮುಳ್ಳು ಹೊಣೆಯಾಗುತ್ತದೆಯೇ?

ಚಲುವಮ್ಮ ಒಂದು ರಾತ್ರಿ ಪೂರ್ತಿ ಯೋಚಿಸಿದರು. ಮಾರನೇ ರಾತ್ರಿ ಕೆಲಸಕ್ಕೆ ಬರುವಾಗ ಡಬ್ಬಿ ತುಂಬ ಹುರುಳಿಕಾಳಿನ ಸಾರು, ಮುದ್ದೆ, ಎರಡು ಬೇಯಿಸಿದ ಮೊಟ್ಟೆ ತಂದು ಎಲ್ಲರ ಎದುರೇ ಕೂತು ಉಂಡರು. ಅಂದಿನಿಂದ ಬಿಡುವಾದಾಗಲೆಲ್ಲ ಖಾಲಿ ಮಂಚದ ಕಂಬಿ ಹಿಡಿದು ಬಸ್ಕಿ ಹೊಡೆಯುತ್ತಾರೆ, ನೀರಿನ ಕ್ಯಾನು ಎತ್ತಿ ಇಳಿಸುತ್ತಾರೆ. ಮೇಷ್ಟ್ರು ಮಲಗಿದ್ದಲ್ಲಿಂದಲೇ ಎಣಿಸುತ್ತಾರೆ, ತಪ್ಪಾಗಿ ಎಣಿಸಿ ಬೈಸಿಕೊಳ್ಳುತ್ತಾರೆ. ತೋಳಿನ ನಡುಕ ಹೋಗಿದೆ. ತೂಕ ಅರವತ್ತೆಂಟು.

"ಮುಳ್ಳು ಮುಂದಕ್ಕೋಯ್ತದೆ ಅಂತ ಗೊತ್ತು ಸಾ. ತೆಗುದ್ರೆ ಬ್ಯಾರೆ ಕಡೆ ಕಸ ಗುಡುಸ್ತೀನಿ. ಕೆಲ್ಸ ಓಯ್ತು ಅಂದ್ರೆ ಉಡುಕ್ಬೋದು. ಮೇಷ್ಟ್ರು ಬಿದ್ಬುಟ್ರೆ ಯಾರ್ ತಂದ್ಕೊಡರು?"

ಆರು ಗಂಟೆ. ಮೇಷ್ಟ್ರಿಗೆ ಕೂತು ಸಾಕಾಗಿದೆ, ಮತ್ತೆ ಮಂಚಕ್ಕೆ ಹೋಗಬೇಕಂತೆ. ಚಲುವಮ್ಮ ಬಗ್ಗಿ ಅವರನ್ನು ತೋಳಿಗೆ ತೆಗೆದುಕೊಂಡಿದ್ದಾರೆ, ಅಷ್ಟರಲ್ಲಿ ಮೆಟ್ಟಿಲ ಬುಡದಿಂದ ಯೋಗೇಂದ್ರನ ಕೂಗು: "ಏ ಚಲುವಮ್ಮ, ತೂಕಕ್ಕೆ ಬಾ! ನಿನ್ನೊಬ್ಬಳದೇ ಬಾಕಿ!"

ಅವರು ತಿರುಗಿ ನೋಡುವುದಿಲ್ಲ. ಮೇಷ್ಟ್ರ ಬೆನ್ನಿನ ಕೆಳಗಿನ ಕೈ ಒಂದಿಷ್ಟೂ ಅಲುಗುವುದಿಲ್ಲ.

"ಇರೀ ಸಾಮಿ, ಬತ್ತೀನಿ," ಎಂದು ಅಲ್ಲಿಂದಲೇ ಹೇಳುತ್ತಾರೆ. "ಕೈಯಲ್ಲಿ ಮನುಸ್ರು ಅವ್ರೆ."